ಗಡಿಯಾರ ನೋಡಿ ನುಂಗುವ ಮಾತ್ರೆ

ಬೆಳಿಗ್ಗೆ ಚೆನ್ನಾಗಿಯೇ ಪೇಪರ್ ಓದಿದ ಅಜ್ಜನ ಕಣ್ಣರೆಪ್ಪೆ ಸಂಜೆಯಾಗುತ್ತಲೇ ಜೋತುಬೀಳುತ್ತದೆ. ಒಂದು ಅಕ್ಷರ ಎರಡಾಗಿ ಕಾಣುತ್ತದೆ. ಊಟಕ್ಕೆ ಕುಳಿತರೆ ನಾಲ್ಕು ತುತ್ತು ಅಗಿಯುವಷ್ಟರಲ್ಲಿ ದವಡೆ ಸೋಲುತ್ತದೆ. ಸ್ವಲ್ಪ ವಿಶ್ರಾಂತಿ ಪಡೆದರೆ ಮತ್ತೆ ಸರಿಹೋಗುತ್ತದೆ. ‘ವಯಸ್ಸಾಯಿತಲ್ಲ’ ಎಂದು ಮನೆಯವರು ಸುಮ್ಮನಾಗುತ್ತಾರೆ. ಆದರೆ ಎಲ್ಲ ದಣಿವೂ ವಯಸ್ಸಿನದಲ್ಲ. ಮಯಸ್ತೇನಿಯಾ ಗ್ರಾವಿಸ್ ಎಂಬ ಸ್ನಾಯು ದೌರ್ಬಲ್ಯದ ಕಾಯಿಲೆಯೂ ಹೀಗೆಯೇ ಶುರುವಾಗುವುದುಂಟು. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ನಟ ಅಮಿತಾಭ್ ಬಚ್ಚನ್ ಅವರಿಗೆ 1980ರ ದಶಕದಲ್ಲಿ ಈ ಕಾಯಿಲೆ ಬಂದಿತ್ತು. ಆಮೇಲೂ ಅವರು ದಶಕಗಳ ಕಾಲ ಅಭಿನಯಿಸಿದರು.

ಬಾಗಿಲು ಮುಚ್ಚಿದರೆ ಸಂದೇಶ ತಲುಪೀತೇ?

ಮಕ್ಕಳೇ, ನೀವು ಕೈ ಎತ್ತಬೇಕೆಂದುಕೊಂಡಾಗ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಟು ಸ್ನಾಯುವಿನ ಬಾಗಿಲು ತಟ್ಟುತ್ತದೆ. ಆಗ ಸ್ನಾಯು ಕೆಲಸ ಮಾಡುತ್ತದೆ. ರೋಗಾಣುಗಳ ಜತೆ ಹೋರಾಡಬೇಕಾದ ನಮ್ಮದೇ ಪ್ರತಿಕಾಯಗಳು ದಾರಿ ತಪ್ಪಿ ಈ ಬಾಗಿಲುಗಳನ್ನು ಮುಚ್ಚಿ, ಹಾಳುಮಾಡುವುದೇ ಈ ಕಾಯಿಲೆ. ನಾಗರಹಾವಿನ ವಿಷವೂ ಇದೇ ಬಾಗಿಲುಗಳನ್ನು ಮುಚ್ಚುತ್ತದೆ. ಅದಕ್ಕೇ ಹಾವು ಕಚ್ಚಿದವರ ರೆಪ್ಪೆಯೂ ಮೊದಲು ಜೋತುಬೀಳುತ್ತದೆ.

ಇಂಥದ್ದೇ ಒಂದು ಹೋಲಿಕೆ ಇಂಗ್ಲೆಂಡಿನ ವೈದ್ಯೆ ಮೇರಿ ವಾಕರ್ ಅವರಿಗೆ ಹೊಳೆದಿತ್ತು. ಕ್ಯುರಾರೆ ಎಂಬ ಬಾಣದ ವಿಷ ತಗಲಿದವರ ಹಾಗೆಯೇ ಈ ರೋಗಿಗಳೂ ಸೋಲುತ್ತಾರೆ. ಹಾಗಾದರೆ ಆ ವಿಷಕ್ಕೆ ಕೊಡುವ ಮದ್ದು ಇವರಿಗೂ ಆಗಬಹುದಲ್ಲ? 1934ರಲ್ಲಿ ಅವರು ಅದನ್ನು ಕೊಟ್ಟು ನೋಡಿದಾಗ ರೋಗಿಗೆ ತಾತ್ಕಾಲಿಕವಾಗಿ ಶಕ್ತಿ ಬಂತು. ಇಂದು ವೈದ್ಯರು ಬರೆದುಕೊಡುವ ಪಿರಿಡೋಸ್ಟಿಗ್ಮಿನ್ ಅದೇ ಬಗೆಯ ಮದ್ದು. ಅದು ಅಸಿಟೈಲ್‌ಕೋಲಿನ್ ಬೇಗನೆ ಕರಗಿಹೋಗದಂತೆ ತಡೆಯುತ್ತದೆ. ಉಳಿದಿರುವ ಬಾಗಿಲುಗಳನ್ನೇ ಮತ್ತೆ ಮತ್ತೆ ತಟ್ಟಲು ಅವಕಾಶ ಸಿಗುತ್ತದೆ. ಕಾಯಿಲೆಯ ಬೇರನ್ನು ಇದು ಕೀಳುವುದಿಲ್ಲ. ಅದಕ್ಕೆ ಬೇರೆ ಚಿಕಿತ್ಸೆಗಳಿವೆ.

ಕಡಿಮೆಯಾದರೂ ಸೋಲು, ಹೆಚ್ಚಾದರೂ ಸೋಲು

ಸಾಮಾನ್ಯ ಮಾತ್ರೆಯ ಪರಿಣಾಮ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯೊಳಗೆ ಶುರುವಾಗಿ ಸುಮಾರು 3ರಿಂದ 4 ಗಂಟೆ ಇರುತ್ತದೆ. ಆದ್ದರಿಂದ ದಿನಕ್ಕೆ ಹಲವು ಸಲ, ಹೇಳಿದ ಹೊತ್ತಿಗೇ ನುಂಗಬೇಕು. ನುಂಗಲು ಕಷ್ಟಪಡುವವರಿಗೆ ಊಟಕ್ಕೆ ಅರ್ಧ ಗಂಟೆ ಮೊದಲೇ ತೆಗೆದುಕೊಳ್ಳಿ ಎಂದು ವೈದ್ಯರು ಹೇಳುವುದುಂಟು. ಹೊಟ್ಟೆ ನೋವು ಬರುವವರಿಗೆ ಜತೆಗೆ ಸ್ವಲ್ಪ ತಿಂಡಿ ತಿನ್ನಲು ಹೇಳುತ್ತಾರೆ.

ಈ ಮದ್ದಿನ ದೊಡ್ಡ ಅಪಾಯ ಇಲ್ಲಿದೆ. ಮದ್ದು ಸಾಲದಿದ್ದರೆ ಸ್ನಾಯು ಸೋಲುತ್ತದೆ. ಅತಿಯಾದರೂ ಸೋಲುತ್ತದೆ! ಅತಿಯಾದಾಗ ಬಾಯಲ್ಲಿ ಜೊಲ್ಲು, ಬೆವರು, ಹೊಟ್ಟೆ ಹಿಂಡಿದಂತೆ ನೋವು, ಭೇದಿ, ಸ್ನಾಯುಗಳ ಅದುರಾಟವೂ ಕಾಣಿಸಬಹುದು. ಸುಸ್ತಾಯಿತೆಂದು ತಾನೇ ಇನ್ನೊಂದು ಮಾತ್ರೆ ನುಂಗಿದರೆ ಕೆಟ್ಟದ್ದು ಇನ್ನಷ್ಟು ಕೆಡಬಹುದು. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗುವುದೂ ತಪ್ಪು. ಉಸಿರಾಡಲು, ನುಂಗಲು ಕಷ್ಟವಾದರೆ ಕಾರಣ ಯಾವುದೆಂದು ಮನೆಯಲ್ಲಿ ಲೆಕ್ಕ ಹಾಕುತ್ತಾ ಕೂರಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ.

ಮಂಗಳೂರಿನ ಮನೆಗಳಿಗೆ ಮೂರು ಮಾತು

ಮಲೇರಿಯಾ ನಮ್ಮ ಊರಿಗೆ ಹೊಸತಲ್ಲ. ಆದರೆ ಕ್ವಿನೈನ್, ಕ್ಲೋರೋಕ್ವಿನ್‌ಗಳು ಈ ಕಾಯಿಲೆಯನ್ನು ಉಲ್ಬಣಿಸಬಲ್ಲವು. ಸಿಪ್ರೊಫ್ಲಾಕ್ಸಸಿನ್, ಅಜಿತ್ರೋಮೈಸಿನ್, ಜೆಂಟಾಮೈಸಿನ್‌ನಂಥ ಆಂಟಿಬಯಾಟಿಕ್‌ಗಳು, ಕೆಲವು ಬಿ.ಪಿ. ಮಾತ್ರೆಗಳು, ಗ್ಲೂಕೋಮಾಕ್ಕೆ ಕಣ್ಣಿಗೆ ಬಿಡುವ ಟಿಮೊಲೋಲ್ ಹನಿ ಕೂಡ ಹಾಗೆಯೇ. ಜ್ವರ ಬಂದಾಗ ಮೆಡಿಕಲ್ ಶಾಪಿನಿಂದ ಕೇಳಿ ತಂದ ಮಾತ್ರೆ ಬೇಡ. ವೆನ್ಲಾಕಿಗೆ ಹೋಗಿ, ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋಗಿ, ಹಲ್ಲು ಕೀಳಿಸಲು ಹೋಗಿ: ಮೊದಲ ಮಾತೇ ‘ನನಗೆ ಮಯಸ್ತೇನಿಯಾ ಇದೆ’ ಎಂದಾಗಿರಲಿ. ಹಾಗೆಂದು ಈಗ ತೆಗೆದುಕೊಳ್ಳುತ್ತಿರುವ ಯಾವ ಮದ್ದನ್ನೂ ಹೆದರಿ ನೀವೇ ನಿಲ್ಲಿಸಬೇಡಿ. ಅದರಲ್ಲೂ ಪ್ರೆಡ್ನಿಸೊಲೋನ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದು ಅಪಾಯ.

ಎರಡನೆಯದು ಮಳೆ. ಪಿರಿಡೋಸ್ಟಿಗ್ಮಿನ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹಪ್ಪಳವೇ ಮೆತ್ತಗಾಗುವ ಆಟಿ ತಿಂಗಳಲ್ಲಿ ಅದನ್ನು ಅಡುಗೆಮನೆಯ ಕಪಾಟಿನಲ್ಲಿ ಬಿಡಿಬಿಡಿಯಾಗಿ ಇಡಬಾರದು. ಬಂದ ಪ್ಯಾಕಿನಲ್ಲೇ ಇರಲಿ, ಪುಟ್ಟ ಮಕ್ಕಳ ಕೈಗೆ ಸಿಗದಿರಲಿ. ಮನೆಯಿಂದ ಹೊರಗೆ ಹೋಗದಂಥ ಮಳೆ ಹಿಡಿಯುವ ಮೊದಲೇ ಮುಂದಿನ ದಿನಗಳಿಗೆ ಬೇಕಾದಷ್ಟು ತಂದಿಟ್ಟುಕೊಳ್ಳಿ.

ಮೂರನೆಯದು ಸೆಕೆ. ಬಿಸಿ ಹೆಚ್ಚಾದರೆ ಈ ಸ್ನಾಯುಗಳು ಬೇಗ ಸೋಲುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಪೇಟೆಯ ಕೆಲಸಗಳನ್ನು ಬೆಳಿಗ್ಗೆಯೇ ಮುಗಿಸುವುದು ಒಳ್ಳೆಯದು.

ಮೊಮ್ಮಕ್ಕಳಿಗೊಂದು ಕೆಲಸ

ಒಂದು ದಪ್ಪ ಕಾಗದದಲ್ಲಿ ಅಜ್ಜ ಅಥವಾ ಅಜ್ಜಿಯ ಹೆಸರು, ಕಾಯಿಲೆಯ ಹೆಸರು, ಎಲ್ಲ ಮಾತ್ರೆಗಳ ಹೆಸರು ಮತ್ತು ಹೊತ್ತು, ವೈದ್ಯರ ಫೋನ್ ನಂಬರ್ ಬರೆಯಿರಿ. ಒಂದು ಪ್ರತಿ ಗೋಡೆಗೆ, ಒಂದು ಅವರ ಕಿಸೆಗೆ ಅಥವಾ ಪರ್ಸಿಗೆ. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಡಿ. ಮಾತ್ರೆಯನ್ನು ದೊಡ್ಡವರೇ ತೆಗೆದುಕೊಡಲಿ. ನುಂಗಿದ ಮೇಲೆ ಗೋಡೆಯ ಚೀಟಿಯಲ್ಲಿ ಟಿಕ್ ಹಾಕುವ ಕೆಲಸ ನಿಮ್ಮದು. ‘ನುಂಗಿದೆನೋ ಇಲ್ಲವೋ’ ಎಂಬ ಅನುಮಾನದಲ್ಲಿ ಎರಡನೇ ಸಲ ನುಂಗುವುದನ್ನು ಆ ಒಂದು ಟಿಕ್ ತಪ್ಪಿಸುತ್ತದೆ.