ಹಿಟ್ಟಿನ ಕೋಲಿನ ವಿನೋದ

ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯ ಕಡೆ ರಾಗಿಯ ಪುಡಿಗೂ ಹಿಟ್ಟೆಂದೇ ಹೆಸರು. ಅದು ಬೆಂದು ಮುದ್ದೆಯಾಗಿ ತಟ್ಟೆಗೆ ಬಂದಾಗಲೂ ಹಿಟ್ಟೆಂದೇ ಹೆಸರು. ಈ ಎರಡು ಹಿಟ್ಟುಗಳ ನಡುವೆ ಒಲೆಯ ಮೇಲೆ ನಡೆಯುವ ವ್ಯಾಪಾರವೇ ಇಂದಿನ ನನ್ನ ಮಾತಿನ ವಸ್ತು. ನಿತ್ಯ ನಡೆಯುವುದಾದ್ದರಿಂದ ಇದನ್ನು ಯಾರೂ ನೋಡುವುದಿಲ್ಲ. ನಿಂತು ನೋಡಿದವನಿಗೆ ಮೆಲುನಗೆಗೆ ಬೇಕಾದಷ್ಟು ಎಡೆಯುಂಟು.

ಮೊದಲು ಒಂದಿಷ್ಟು ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಬೆರೆಸುತ್ತಾರೆ. ಎಸರು ಮರಳಿದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ಒಂದು ತೂತು ಮಾಡಿ, ಸುಮ್ಮನಿರುತ್ತಾರೆ. ಈ ಸುಮ್ಮನಿರುವಿಕೆಯೇ ಇಲ್ಲಿಯ ವಿದ್ಯೆ. ಕೈಯಲ್ಲಿ ಕೋಲು ಹಿಡಿದ ಹೊಸಬ ತಿರುವದೆ ಇರುವುದುಂಟೆ? ಆತುರದಿಂದ ತಿರುವಿದರೆ ಹಿಟ್ಟು ಚೂರುಚೂರಾಗಿ ನೀರಿಗೆ ಬೀಳುತ್ತದೆ. ಪ್ರತಿಯೊಂದು ಚೂರಿನ ಹೊರಮೈಯೂ ಬಿಸಿ ತಾಕಿದೊಡನೆ ಅಂಟಾಗಿ ಮುಚ್ಚಿಕೊಂಡು, ಒಳಗಿನ ಪುಡಿ ಒಣಗಿದಂತೆಯೇ ಉಳಿಯುತ್ತದೆ. ಅದೇ ಗಂಟು. ಗೋಧಿಯ ಜಿಗುಟು ರಾಗಿಗಿಲ್ಲ. ಅದರ ಪಿಷ್ಟವು ಬಿಸಿಯಲ್ಲಿ ನೀರು ಕುಡಿದು ಉಬ್ಬಿದ ಮೇಲೆಯೇ ಹಿಟ್ಟು ಕಟ್ಟುವುದು. ತೂತಿನಿಂದ ನೀರೂ ಆವಿಯೂ ಮೇಲೆದ್ದು ಗುಡ್ಡೆಯನ್ನು ಬೇಯಿಸುವವರೆಗೆ ಕಾಯದೆ ಗತಿಯಿಲ್ಲ. ಪಾತ್ರೆ ಆಗ ಗೊಳಕ್ ಗೊಳಕ್ ಎಂದು ಗೊಣಗುತ್ತಿರುತ್ತದೆ, ಸಭೆಯ ಹಿಂದಿನ ಸಾಲಿನಲ್ಲಿ ಕುಳಿತ ಹಿರಿಯರ ಹಾಗೆ.

ಕಾಯುವುದು ರಾಗಿಯ ಹುಟ್ಟುಗುಣವಿರಬೇಕು. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತ-ರಾಗಿಗಳ ಜಗಳ ತೀರಿಸಲು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾರೆ, ಕೆಡದೆ ಹೊರಬಂದದ್ದು ರಾಗಿ. ಕೃಷ್ಣರಾಜಸಾಗರದ ನಾಲೆ 1930ರ ದಶಕದಲ್ಲಿ ಹರಿದು ಮಂಡ್ಯದ ಬಯಲಿನಲ್ಲಿ ಭತ್ತ, ಕಬ್ಬು ಹೆಚ್ಚಿದರೂ ಅದು ತಟ್ಟೆ ಬಿಟ್ಟು ಕದಲಲಿಲ್ಲ.

ಬೆಂದ ಮೇಲೆ ತಿರುವುವ ಕೆಲಸ. ಪಾತ್ರೆ ಜಾರದಂತೆ ಒತ್ತಿಹಿಡಿದು, ಕೋಲನ್ನು ಅಂಚಿನಿಂದ ನಡುವಿಗೆ ಎಳೆಯಬೇಕು. ಹಿಟ್ಟು ಗಟ್ಟಿಯಾದಷ್ಟೂ ರಟ್ಟೆ ಸೋಲುತ್ತದೆ. ಒದ್ದೆ ಬೆರಳಿಗೆ ಅಂಟದಿದ್ದರೆ ಹದವಾಯಿತೆಂದು ಅರ್ಥ.

ಆದರೆ ಒಂದು ಮಾತನ್ನು ಹೇಳದಿರಲಾಗದು. ಈ ವಿನೋದವೆಲ್ಲ ಕಾಣುವುದು ಮಣೆಯ ಮೇಲೆ ಕುಳಿತವರಿಗೆ. ಗದ್ದೆಯಿಂದ ಬಂದು, ಹೊಗೆಯಲ್ಲಿ ನಿಂತು, ಹತ್ತು ಜನರ ಹಿಟ್ಟು ತಿರುವಿದ ಹೆಂಗಸಿಗೆ ಪಾತ್ರೆಯ ಗೊಣಗು ಕೇಳಿಸಿದ್ದೀತೆ? ಅವಳಿಗೂ ಅದು ಕೇಳಿಸಬೇಕಾದರೆ ವಾರಕ್ಕೆರಡು ದಿನವಾದರೂ ಕೋಲು ಮನೆಯ ಗಂಡಸಿನ ಕೈಗೆ ಬರಬೇಕು. ಮೊದಲ ದಿನ ಗಂಟು ಬಂದೇ ಬರುತ್ತದೆ. ಸಾರನ್ನು ತುಸು ಧಾರಾಳವಾಗಿ ಬಡಿಸಿದರಾಯಿತು. ಹಿಟ್ಟನ್ನು ಅಗಿಯುವ ಪದ್ಧತಿ ಹೇಗೂ ನಮ್ಮಲ್ಲಿಲ್ಲ.