ಕೇಳಿಸದಿದ್ದರೂ ಫೈವ್ ನೈನ್!

ಹ್ಯಾಮ್ ರೇಡಿಯೋ ಸ್ಪರ್ಧೆಯ ದಿನ ಸ್ವಲ್ಪ ಕಿವಿಗೊಟ್ಟು ಕೇಳಿ. "ಯೂ ಆರ್ ಫೈವ್ ನೈನ್!" ಮರುಕ್ಷಣವೇ, "ನಿಮ್ಮ ಕಾಲ್‌ಸೈನ್ ಇನ್ನೊಮ್ಮೆ ಹೇಳಿ?" ಸರಿಯಾಗಿ ಕೇಳಿಸಿಲ್ಲ, ಆದರೂ ಪೂರ್ತಿ ಅಂಕ!

ಫೈವ್ ನೈನ್ ಅಂದರೆ ಸಿಗ್ನಲ್ ಹೇಗೆ ಕೇಳಿಸಿತು ಅನ್ನೋದಕ್ಕೆ ಕೊಡುವ ಎರಡು ಅಂಕಿ. ಮೊದಲ ಅಂಕಿ, ಮಾತು ಎಷ್ಟು ಅರ್ಥವಾಯಿತು ಅನ್ನೋದು. 1ರಿಂದ 5. ಇದಕ್ಕೆ ಮೀಟರ್ ಇಲ್ಲ, ನಿಮ್ಮ ಕಿವಿಯೇ ತೀರ್ಪುಗಾರ. ಅಲ್ಲೊಂದು ಇಲ್ಲೊಂದು ಪದ ಸಿಕ್ಕರೆ 2, ಒದ್ದಾಡಿ ಹಿಡಿದರೆ 3.

ಎರಡನೆಯದು ಸಿಗ್ನಲ್ಲಿನ ಬಲ, 1ರಿಂದ 9. ಇದನ್ನು ತೋರಿಸೋದು ಸೆಟ್ಟಿನ ಮೀಟರಿನ ಮುಳ್ಳು. ಮೋರ್ಸ್‌ನಲ್ಲಾದರೆ ನಾದದ ಶುದ್ಧತೆಗೆ ಮೂರನೆಯ ಅಂಕಿಯೂ ಉಂಟು.

ಮೊದಲೆರಡು ಅಂಕಿಗಳೂ ಜೊತೆಯಾಗಿಯೇ ಏರಬೇಕೆಂದಿಲ್ಲ. ರಾತ್ರಿ 40 ಮೀಟರ್ ಬ್ಯಾಂಡ್‌ನಲ್ಲಿ ಮುಳ್ಳು 9 ಮುಟ್ಟಿದೆ, ಆದರೆ ಪಕ್ಕದ ಸ್ಟೇಷನ್ನಿನ ಗಲಾಟೆ, ಮಿಂಚಿನ ಚಟಪಟ. ಅದು ತ್ರೀ ನೈನ್. ಗದ್ದಲವಿಲ್ಲದ 10 ಮೀಟರ್‌ನಲ್ಲಿ ಮುಳ್ಳು ಅಲುಗಿದ್ದೇ ಕಷ್ಟ, ಆದರೂ ಪ್ರತಿ ಪದ ಸ್ಪಷ್ಟ. ಫೈವ್ ಟೂ ಕೊಡಿ, ಸಂಕೋಚ ಬೇಡ.

ಬಲಕ್ಕೆ ಶಾರ್ಟ್‌ವೇವ್‌ನಲ್ಲಿ ಒಪ್ಪಿಕೊಂಡಿರುವ ಅಳತೆ ಹೀಗೆ: ಎಸ್ 9, ಅಂದರೆ ಮುಳ್ಳು 9ರಲ್ಲಿದ್ದಾಗ, ರಿಸೀವರಿನ ಆಂಟೆನಾ ತುದಿಯಲ್ಲಿ 50 ಮೈಕ್ರೋವೋಲ್ಟ್. ಒಂದೊಂದು ಮೆಟ್ಟಿಲಿಗೂ 6 ಡೆಸಿಬೆಲ್, ಅಂದರೆ ನಾಲ್ಕು ಪಟ್ಟು ಶಕ್ತಿ. 100 ವಾಟ್‌ನಿಂದ 400 ವಾಟ್‌ಗೆ ಹಾರಿದರೂ ಆ ಕಡೆಯ ಮುಳ್ಳು ಏರೋದು ಒಂದೇ ಮೆಟ್ಟಿಲು! ಆಂಪ್ಲಿಫೈಯರ್ ಕೊಳ್ಳುವ ಮುನ್ನ ಆಂಟೆನಾ ನೋಡಿಕೊಳ್ಳಿ ಅನ್ನೋದು ಇದಕ್ಕೇ. ಎಲ್ಲ ಸೆಟ್ಟುಗಳ ಮೀಟರೂ ಈ ಅಳತೆಗೆ ನಿಷ್ಠವಾಗಿಲ್ಲ, ಅದು ಬೇರೆ ಮಾತು.

ಸಿಗ್ನಲ್ ಹಿಡಿದು ಮತ್ತೆ ಪ್ರಸಾರ ಮಾಡುವ ರಿಪೀಟರ್ ಮೂಲಕ ಮಾತಾಡುವಾಗಲಂತೂ ಮುಳ್ಳನ್ನು ಮರೆತುಬಿಡಿ. ಅದು ತೋರಿಸೋದು ಬೆಟ್ಟದ ಮೇಲಿನ ರಿಪೀಟರಿನ ಬಲ, ನಿಮ್ಮ ಗೆಳೆಯನದ್ದಲ್ಲ. ಅವನ ದನಿಯ ಹಿಂದೆ ಎಷ್ಟು ಗೊರಗೊರ ಇದೆ, ಅದನ್ನು ಹೇಳಿ.