ಗುಣವಾದ ಮಗುವಿನ ಫೈಲು

ಕಲಘಟಗಿ ತಾಲೂಕಿನ ದುಮ್ಮವಾಡದಂಥ ಊರಿನಲ್ಲಿ ಮಗುವಿಗೆ ಕ್ಯಾನ್ಸರ್ ಅಂತ ಗೊತ್ತಾದರೆ ಮನೆಯವರು ಮೊದಲು ಹುಬ್ಬಳ್ಳಿ ಬಸ್ಸು ಹತ್ತುತ್ತಾರೆ. ಕೆಲವರಿಗೆ ನವನಗರದ ಕರ್ನಾಟಕ ಕ್ಯಾನ್ಸರ್ ಥೆರಪಿ ಮತ್ತು ಸಂಶೋಧನಾ ಸಂಸ್ಥೆ, ಕೆಲವರಿಗೆ ಕಿಮ್ಸ್, ಇನ್ನು ಕೆಲವರಿಗೆ ರಾತ್ರಿ ರೈಲು ಹಿಡಿದು ಬೆಂಗಳೂರಿನ ಕಿದ್ವಾಯಿ. ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ರಕ್ತ ಕ್ಯಾನ್ಸರಿಗೆ ಎರಡರಿಂದ ಮೂರು ವರ್ಷ ಚಿಕಿತ್ಸೆ ನಡೆಯುತ್ತದೆ. ಡಾಕ್ಟರು ಔಷಧ ನಿಲ್ಲಿಸಿದ ದಿನ ಹರಕೆ ತೀರುತ್ತದೆ, ಮಗು ಶಾಲೆಗೆ ಹೋಗುತ್ತದೆ. ಒಂದೆರಡು ವರ್ಷ ತಪಾಸಣೆಯೂ ನಡೆಯುತ್ತದೆ. ಆಮೇಲೆ ಬಹುತೇಕ ಎಲ್ಲ ಮನೆಗಳಲ್ಲೂ ಒಂದೇ ಮಾತು: "ಈಗ ಆರಾಮ ಅದಾನಲ್ಲ, ಇನ್ಯಾಕ ದವಾಖಾನಿ?"

ಮಾತು ಸಹಜವೇ. ಆದರೆ ಕ್ಯಾನ್ಸರ್ ಹೋದರೂ ಚಿಕಿತ್ಸೆಯ ಗುರುತು ದೇಹದಲ್ಲಿ ಉಳಿದಿರುತ್ತದೆ, ಕೆಲವೊಮ್ಮೆ ಹತ್ತಿಪ್ಪತ್ತು ವರ್ಷದ ನಂತರ ತಲೆ ಎತ್ತುತ್ತದೆ. ಅಮೆರಿಕದಲ್ಲಿ ಚಿಕ್ಕಂದಿನಲ್ಲಿ ಕ್ಯಾನ್ಸರ್ ಗೆದ್ದ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ರೋಗ ಪತ್ತೆಯಾಗಿ 30 ವರ್ಷ ತುಂಬುವಷ್ಟರಲ್ಲಿ ನೂರಕ್ಕೆ 73 ಮಂದಿಗೆ ಒಂದಾದರೂ ದೀರ್ಘಕಾಲದ ತೊಂದರೆ ಅಂಟಿಕೊಂಡಿತ್ತು. ಅವರೆಲ್ಲ 1970 ಮತ್ತು 80ರ ದಶಕಗಳಲ್ಲಿ ಚಿಕಿತ್ಸೆ ಪಡೆದವರು. ಇಂದು ಎಷ್ಟೋ ಮಕ್ಕಳಿಗೆ ವಿಕಿರಣವನ್ನು ಅಂದಿಗಿಂತ ಕಡಿಮೆ ಕೊಡುತ್ತಾರೆ, ಕೊಡದೆಯೂ ಗುಣಪಡಿಸುತ್ತಾರೆ. ಹಾಗಾಗಿ ಈ ಅಂಕಿ ನೋಡಿ ಹೆದರಬೇಕಿಲ್ಲ. ಇವುಗಳಲ್ಲಿ ಹಲವು ತೊಂದರೆಗಳನ್ನು ಮೊದಲೇ ಹಿಡಿದರೆ ಮಾತ್ರೆಯಲ್ಲೇ ಹತೋಟಿಗೆ ತರಬಹುದು. ಹಿಡಿಯಬೇಕಾದರೆ ಏನನ್ನು ಹುಡುಕಬೇಕು ಎಂದು ಡಾಕ್ಟರಿಗೆ ತಿಳಿದಿರಬೇಕು. ಅದಕ್ಕೆ ಬೇಕಾದದ್ದು ಹಳೆಯ ಫೈಲು.

ಹೃದಯದ ವಿಷಯವನ್ನೇ ನೋಡೋಣ. ಡಾಕ್ಸೊರುಬಿಸಿನ್ ಅನ್ನುವ ಔಷಧ ಕೆಂಪು ಬಣ್ಣದ್ದು. ಅದನ್ನು ಏರಿಸಿದ ದಿನ ಮಗುವಿನ ಮೂತ್ರ ಕೆಂಪಾದದ್ದು ತಾಯಂದಿರಿಗೆ ವರ್ಷಗಳ ನಂತರವೂ ನೆನಪಿರುತ್ತದೆ. ಈ ಔಷಧ ಹೃದಯದ ಸ್ನಾಯುಕೋಶಗಳನ್ನೂ ತಟ್ಟುತ್ತದೆ. ಸತ್ತ ಸ್ನಾಯುಕೋಶದ ಜಾಗಕ್ಕೆ ಹೊಸದು ಬರುವುದು ತೀರ ಕಡಿಮೆ. ಆರು ವರ್ಷದ ಮಗುವಿಗೆ ಉಳಿದ ಕೋಶಗಳೇ ಸಾಕಾಗುತ್ತವೆ, ಮಗು ಓಡಾಡಿಕೊಂಡಿರುತ್ತದೆ. ಮೈ ಬೆಳೆದು ದೊಡ್ಡದಾದಾಗ, ಗೊಂಜಾಳದ ಚೀಲ ಹೊರುವಾಗ, ಬಸುರಿಯಾದಾಗ ಅದೇ ಹೃದಯಕ್ಕೆ ದುಪ್ಪಟ್ಟು ಕೆಲಸ ಬೀಳುತ್ತದೆ. ಆಗ ಕೆಲವರಿಗೆ ಏದುಸಿರು, ಕಾಲು ಬಾವು, ರಾತ್ರಿ ಅಂಗಾತ ಮಲಗಿದರೆ ಉಸಿರು ಕಟ್ಟುವುದು ಶುರುವಾಗಬಹುದು. ಹಳೆಯ ಕಥೆ ಗೊತ್ತಿಲ್ಲದ ಡಾಕ್ಟರು ರಕ್ತ ಕಡಿಮೆಯಿದೆ ಎಂದುಕೊಂಡು ಕಬ್ಬಿಣದ ಗುಳಿಗೆ ಕೊಟ್ಟರೆ ಅದು ಅವರ ತಪ್ಪಲ್ಲ.

ಇಲ್ಲಿ ಲೆಕ್ಕಕ್ಕೆ ಬರುವುದು ಚಿಕಿತ್ಸೆಯ ಉದ್ದಕ್ಕೂ ಒಟ್ಟು ಎಷ್ಟು ಔಷಧ ಹೋಯಿತು ಎಂಬುದು. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಒಟ್ಟು 250 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಹೋಗಿದ್ದರೆ ಅಪಾಯ ಹೆಚ್ಚು. ಅಂಥವರು ಎರಡು ವರ್ಷಕ್ಕೊಮ್ಮೆ ಹೃದಯದ ಎಕೋ ಸ್ಕ್ಯಾನ್ ಮಾಡಿಸಬೇಕು. 100ರಿಂದ 250ರ ಒಳಗಿದ್ದರೆ ಐದು ವರ್ಷಕ್ಕೊಮ್ಮೆ ಸಾಕು ಎಂದು ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಎದೆಗೆ ವಿಕಿರಣವೂ ಬಿದ್ದಿದ್ದರೆ ಈ ಲೆಕ್ಕ ಬದಲಾಗುತ್ತದೆ. 'ಕೆಂಪು ಔಷಧ ಹಾಕಿದ್ದರು' ಎಂಬ ನೆನಪಿನಿಂದ ಇಷ್ಟೆಲ್ಲ ತಿಳಿಯುವುದಿಲ್ಲ.

ಹೊಲಕ್ಕೆ ಉತಾರ ಇದ್ದಂತೆ ಈ ಮಕ್ಕಳ ದೇಹಕ್ಕೂ ಒಂದು ದಾಖಲೆ ಬೇಕು. ಚಿಕಿತ್ಸೆ ಕೊಟ್ಟ ಆಸ್ಪತ್ರೆಯಲ್ಲೇ ಅದನ್ನು ಬರೆಸಿಕೊಳ್ಳಬೇಕು, ಒಂದೆರಡು ಪುಟ ಸಾಕು. ರೋಗದ ಹೆಸರು ಮತ್ತು ಹಂತ, ಚಿಕಿತ್ಸೆ ಶುರುವಾದ ಮತ್ತು ಮುಗಿದ ತಾರೀಖು, ಪ್ರತಿಯೊಂದು ಕೀಮೋ ಔಷಧದ ಹೆಸರು ಮತ್ತು ಒಟ್ಟು ಪ್ರಮಾಣ, ಬೆನ್ನಿನೊಳಗೆ ಕೊಟ್ಟ ಇಂಜೆಕ್ಷನ್, ಆಪರೇಷನ್, ರಕ್ತ ಏರಿಸಿದ ವಿವರ ಅದರಲ್ಲಿರಬೇಕು. ನಮ್ಮ ಜನ 'ಕರೆಂಟ್ ಕೊಟ್ಟರು' ಅನ್ನುವ ವಿಕಿರಣ ಯಾವ ಭಾಗಕ್ಕೆ ಬಿತ್ತು, ಎಷ್ಟು ಗ್ರೇ ಬಿತ್ತು ಎಂಬುದೂ ಬೇಕು. ಔಷಧ ನಿಲ್ಲಿಸುವ ದಿನವೇ ಕೇಳಿದರೆ ಸುಲಭ. ತಡವಾದರೆ ಕಾಗದ ಸಿಗುವುದು ಕಷ್ಟ. 2002ರ ಭಾರತೀಯ ವೈದ್ಯಕೀಯ ಪರಿಷತ್ತಿನ ನಿಯಮದಂತೆ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಕಾಪಾಡಿದರೆ ಸಾಕು. ಅಂದರೆ ರಕ್ತ ಕ್ಯಾನ್ಸರಿನ ಚಿಕಿತ್ಸೆ ಮುಗಿಯುವ ಹೊತ್ತಿಗೆ ಆ ಅವಧಿಯೂ ಮುಗಿಯುತ್ತ ಬಂದಿರುತ್ತದೆ. ಅದೇ ನಿಯಮದಲ್ಲಿ, ರೋಗಿಯ ಕಡೆಯವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಎಂದೂ ಇದೆ. ಆಸ್ಪತ್ರೆಯ ನಂಬರ್ ಇರುವ ಹಳೆಯ ಚೀಟಿ ಹಿಡಿದು ದಾಖಲೆ ವಿಭಾಗಕ್ಕೆ ಒಂದು ಅರ್ಜಿ ಕೊಡಿ.

ಸಿಕ್ಕ ಕಾಗದವನ್ನು ಟ್ರಂಕಿನಲ್ಲಿಟ್ಟು ಮರೆಯಬಾರದು. ಇಸಿಜಿಯಂಥ ಹೊಳಪಿನ ಕಾಗದದ ಮೇಲಿನ ಬರಹ ಕೆಲವೇ ವರ್ಷಗಳಲ್ಲಿ ಮಾಸಿಹೋಗುತ್ತದೆ. ಜೆರಾಕ್ಸ್ ಮಾಡಿಸಿ, ಫೋಟೋ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಿಡಿ, ಸಾಧ್ಯವಾದರೆ ಡಿಜಿಲಾಕರಿಗೂ ಏರಿಸಿ. ಕಾಗದ ಪೂರ್ತಿ ಹೋಗಿದ್ದರೂ ಕೈಚೆಲ್ಲಬೇಕಿಲ್ಲ. ರೋಗದ ಹೆಸರು, ಚಿಕಿತ್ಸೆಯ ಇಸವಿ, ಮೈಮೇಲಿನ ಹೊಲಿಗೆಯ ಗುರುತು ನೋಡಿ ಮಕ್ಕಳ ಕ್ಯಾನ್ಸರ್ ತಜ್ಞರು ಯಾವ ಔಷಧಗಳು ಹೋಗಿರಬಹುದು ಎಂದು ಊಹಿಸಬಲ್ಲರು.

ಉಳಿದ ಅಂಗಗಳ ಮಾತು ಚುಟುಕಾಗಿ ಹೇಳುತ್ತೇನೆ. ಕುತ್ತಿಗೆಗೆ ವಿಕಿರಣ ಬಿದ್ದವರು ವರ್ಷಕ್ಕೊಮ್ಮೆ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ತಿಂಗಳುಗಟ್ಟಲೆ ಸ್ಟೀರಾಯ್ಡ್ ತಿಂದ ಹುಡುಗ ಹುಡುಗಿಯರಿಗೆ ತೊಡೆಯ ಸಂದಿಯಲ್ಲಿ ನೋವು ಬಂದು ಕುಂಟತೊಡಗಿದರೆ ಎಣ್ಣೆ ತಿಕ್ಕುತ್ತ ಕೂರಬೇಡಿ. ಅಲ್ಲಿನ ಮೂಳೆಗೆ ರಕ್ತ ಹರಿಯುವುದು ನಿಂತಿರಬಹುದು, ಮೊದಮೊದಲು ಅದು ಎಕ್ಸ್‌ರೇಯಲ್ಲಿ ಕಾಣುವುದೂ ಇಲ್ಲ, ಎಂಆರ್‌ಐ ಬೇಕಾಗುತ್ತದೆ. ಮೂತ್ರಪಿಂಡದ ಗಡ್ಡೆಗಾಗಿ ಒಂದು ಮೂತ್ರಪಿಂಡ ತೆಗೆಸಿಕೊಂಡವರು, ಸಿಸ್ಪ್ಲಾಟಿನ್ ಅಥವಾ ಐಫಾಸ್ಫಮೈಡ್ ಎಂಬ ಕೀಮೋ ಔಷಧ ಪಡೆದವರು ಮೆಡಿಕಲ್ ಶಾಪಿನಲ್ಲಿ ಕೇಳಿ ಮೈಕೈ ನೋವಿನ ಗುಳಿಗೆ ತಿನ್ನಲೇಬಾರದು. ಸುಗ್ಗಿಯ ದಿನಗಳಲ್ಲಿ ದಿನಕ್ಕೊಂದು ಡೈಕ್ಲೊಫೆನಾಕ್ ನುಂಗುವ ರೂಢಿ ನಮ್ಮ ಕಡೆ ಎಷ್ಟಿದೆ ಎಂದು ಎಲ್ಲರಿಗೂ ಗೊತ್ತು. ಉಳಿದಿರುವ ಮೂತ್ರಪಿಂಡಕ್ಕೆ ಅದು ನೇರ ಪೆಟ್ಟು. ಬ್ಲಿಯೊಮೈಸಿನ್ ಪಡೆದವರು ಮುಂದೆ ಯಾವ ಆಪರೇಷನ್ ಆದರೂ ಅರಿವಳಿಕೆ ಕೊಡುವ ಡಾಕ್ಟರಿಗೆ ಮೊದಲೇ ಹೇಳಬೇಕು, ಹೆಚ್ಚಿನ ಆಮ್ಲಜನಕ ಅವರ ಶ್ವಾಸಕೋಶಕ್ಕೆ ಕೇಡು ಮಾಡಬಹುದು. ಚಿಕ್ಕಂದಿನಲ್ಲಿ ಎದೆಗೆ ವಿಕಿರಣ ಪಡೆದ ಹೆಣ್ಣುಮಕ್ಕಳಿಗೆ ಸ್ತನ ಕ್ಯಾನ್ಸರಿನ ತಪಾಸಣೆ 40ರಲ್ಲಿ ಶುರುವಾದರೆ ತಡ. 25ನೇ ವಯಸ್ಸು ಅಥವಾ ವಿಕಿರಣ ಮುಗಿದು 8 ವರ್ಷ, ಇವೆರಡರಲ್ಲಿ ಯಾವುದು ಆಮೇಲೆ ಬರುತ್ತದೋ ಅಲ್ಲಿಂದ ಪ್ರತಿವರ್ಷ ಮಾಡಿಸಬೇಕು. ಬೀಡಿ, ಗುಟ್ಕಾ ಎಲ್ಲರಿಗೂ ಕೆಟ್ಟವೇ, ಇವರಿಗೆ ಇನ್ನಷ್ಟು.

ಶಾಲೆಯ ಮಾತಿಗೆ ಸ್ವಲ್ಪ ನಿಲ್ಲಬೇಕು. ಸಿಸ್ಪ್ಲಾಟಿನ್ ಮೊದಲು ಕಸಿಯುವುದು ತೀಕ್ಷ್ಣ ಸ್ವರಗಳನ್ನು. ಮಗುವಿಗೆ ಮಾತು ಕೇಳುತ್ತದೆ, ಆದರೆ ಸ, ಶ, ಫ ಅಕ್ಷರಗಳು ಜಾರಿಹೋಗುತ್ತವೆ. ಮಾಸ್ತರರು ಹೇಳಿದ್ದೊಂದು, ಹುಡುಗ ಬರೆದದ್ದೊಂದು. ತಲೆಗೆ ವಿಕಿರಣ ಅಥವಾ ಬೆನ್ನಿನೊಳಗೆ ಮೆಥೊಟ್ರೆಕ್ಸೇಟ್ ಪಡೆದ ಕೆಲವು ಮಕ್ಕಳಿಗೆ ಗಣಿತ, ಏಕಾಗ್ರತೆ, ಬರೆಯುವ ವೇಗ ಇವುಗಳಲ್ಲಿ ತೊಡಕು ಬರುತ್ತದೆ. ಇಂಥ ಮಗುವನ್ನು 'ದಡ್ಡ', 'ಮನಸ್ಸಿಟ್ಟು ಓದಂಗಿಲ್ಲ' ಅನ್ನುವುದು ಅನ್ಯಾಯ. ಮುಖ್ಯಗುರುಗಳಿಗೆ ವಿಷಯ ತಿಳಿಸಿ, ಮುಂದಿನ ಸಾಲಿನಲ್ಲಿ ಕೂರಿಸಿ, ಕಿವಿಯ ಪರೀಕ್ಷೆ ಮಾಡಿಸಿ. ಶ್ರವಣದೋಷವೂ ಕಲಿಕಾ ನ್ಯೂನತೆಯೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿವೆ. ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಬಹುದು. ಸಣ್ಣ ಜ್ವರ ಬಂದರೂ ರೋಗ ಮರಳಿತೇನೋ ಎಂದು ನಡುಗುವ ಮಕ್ಕಳೂ ತಾಯಂದಿರೂ ಇದ್ದಾರೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರವಿಲ್ಲ, 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನವರು ಉಚಿತವಾಗಿ ಮಾತಾಡುತ್ತಾರೆ.

ಪರೀಕ್ಷೆಗಳೆಲ್ಲ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕೆಂದೇನಿಲ್ಲ. ತೂಕ, ಎತ್ತರ, ಬಿ.ಪಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ನೋಡುತ್ತಾರೆ. ಥೈರಾಯ್ಡ್, ಕ್ರಿಯಾಟಿನಿನ್, ಸಕ್ಕರೆಯ ರಕ್ತಪರೀಕ್ಷೆಗೆ ಕಲಘಟಗಿ ಸಾಕಾಗಬಹುದು. ಎಕೋ, ಕಿವಿಯ ಪರೀಕ್ಷೆ, ಎಂಆರ್‌ಐಗೆ ಹುಬ್ಬಳ್ಳಿ ಧಾರವಾಡ ಬೇಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆಯ ನೆರವಿದೆ, ಆದರೆ ದಾಖಲಾಗದೆ ಮಾಡಿಸುವ ತಪಾಸಣೆಗೆ ಅದು ಸಾಮಾನ್ಯವಾಗಿ ಒದಗುವುದಿಲ್ಲ. ಅದಕ್ಕೇ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗ ಮೇಲು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ ಗುಣವಾದ ಮಕ್ಕಳಿಗೆಂದೇ 1991ರಲ್ಲಿ ಪ್ರತ್ಯೇಕ ಕ್ಲಿನಿಕ್ ತೆರೆಯಿತು. ಉತ್ತರ ಕರ್ನಾಟಕಕ್ಕೂ ಅಂಥದ್ದೊಂದು ಬೇಕು, ವಾರಕ್ಕೊಂದು ದಿನವಾದರೂ. ಅಲ್ಲಿಯವರೆಗೆ ಒಬ್ಬ ಡಾಕ್ಟರನ್ನೇ ಹಿಡಿದು ವರ್ಷಕ್ಕೊಮ್ಮೆ ಅದೇ ಕಾಗದ ತೋರಿಸಬೇಕು.

ಈ ಕಾಗದಕ್ಕೆ ದೊಡ್ಡ ವೈರಿ ಮದುವೆಯ ಮಾತುಕತೆ. ಹೆಣ್ಣುಮಗಳಾದರಂತೂ ಫೈಲನ್ನು ಒಲೆಗೆ ಹಾಕಿದವರಿದ್ದಾರೆ, ಮಗಳಿಗೇ ಹೇಳದೆ ಬೆಳೆಸಿದವರಿದ್ದಾರೆ. ಆ ತಂದೆತಾಯಿಯ ಭಯ ನನಗೆ ಅರ್ಥವಾಗುತ್ತದೆ, ಆದರೆ ಅವರ ನಿರ್ಧಾರವನ್ನು ಒಪ್ಪಲಾರೆ. ದೇಹ ಅವಳದು, ಅದರೊಳಗೆ ಏನು ಹೋಗಿದೆ ಎಂದು ಹದಿನೆಂಟು ತುಂಬುವ ಮೊದಲೇ ಅವಳಿಗೆ ಗೊತ್ತಿರಬೇಕು. ಜನ ಹೆದರುವಷ್ಟು ಹೆದರಬೇಕಾದ ಕಾರಣವೂ ಇಲ್ಲ. ಚಿಕ್ಕಂದಿನಲ್ಲಿ ಕ್ಯಾನ್ಸರ್ ಗೆದ್ದವರ ಮಕ್ಕಳಿಗೆ, ವಂಶವಾಹಿಯಾಗಿ ಬರುವ ಕೆಲವು ಬಗೆಗಳನ್ನು ಬಿಟ್ಟರೆ, ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚೇನಲ್ಲ. ಕಣ್ಣಿನ ಗಡ್ಡೆಯಾದ ರೆಟಿನೊಬ್ಲಾಸ್ಟೊಮಾ ವಂಶವಾಹಿಯದಾದರೆ ಮಾತು ಬೇರೆ, ಹುಟ್ಟಿದ ಕೂಸಿನ ಕಣ್ಣನ್ನು ಮೊದಲ ವಾರಗಳಲ್ಲೇ ತೋರಿಸಬೇಕು. ಸೈಕ್ಲೊಫಾಸ್ಫಮೈಡ್‌ನಂಥ ಔಷಧ ಹೆಚ್ಚು ಪಡೆದವರಿಗೆ, ಹೊಟ್ಟೆಯ ಕೆಳಭಾಗಕ್ಕೆ ವಿಕಿರಣ ಬಿದ್ದವರಿಗೆ ಮಕ್ಕಳಾಗುವುದು ಕಷ್ಟವಾಗಬಹುದು. ಅದನ್ನು ಹೆಣ್ಣಿನಲ್ಲಿ ರಕ್ತಪರೀಕ್ಷೆ, ಗಂಡಿನಲ್ಲಿ ವೀರ್ಯಪರೀಕ್ಷೆ ಹೇಳುತ್ತವೆ. ಸಾಮಾನ್ಯ ರಕ್ತ ಕ್ಯಾನ್ಸರಿಗೆ ಬರೀ ಕೀಮೋ ಪಡೆದವರಲ್ಲಿ ಹೆಚ್ಚಿನವರಿಗೆ ಈ ತೊಂದರೆ ಬರುವುದಿಲ್ಲ.

ಕೆಂಪು ಔಷಧ ಪಡೆದ ಹೆಣ್ಣುಮಗಳು ಬಸುರಾಗುವ ಮೊದಲು, ಆಗಲಿಲ್ಲವೆಂದರೆ ಮೊದಲ ಮೂರು ತಿಂಗಳೊಳಗೆ, ಎಕೋ ಮಾಡಿಸಬೇಕು. ಆಶಾ ಅಕ್ಕ ಹೆಸರು ಬರೆದುಕೊಳ್ಳಲು ಬಂದಾಗ ಮುಚ್ಚಿಡದೆ ಹೇಳಿ ತಾಯಿ ಕಾರ್ಡಿನ ಮೇಲೆ ಬರೆಸಬೇಕು: ಚಿಕ್ಕಂದಿನಲ್ಲಿ ಕ್ಯಾನ್ಸರ್ ಆಗಿತ್ತು, ಡಾಕ್ಸೊರುಬಿಸಿನ್ ಇಷ್ಟು ಹೋಗಿದೆ, ಎಕೋ ಇಂಥ ದಿನ ಆಗಿದೆ. ಎಕೋದಲ್ಲಿ ಏರುಪೇರು ಕಂಡಿದ್ದರೆ ಹೆರಿಗೆಗೆ ಹೃದ್ರೋಗ ತಜ್ಞರಿರುವ ಹುಬ್ಬಳ್ಳಿಯ ಆಸ್ಪತ್ರೆಯನ್ನು ಏಳನೇ ತಿಂಗಳಲ್ಲೇ ಗೊತ್ತುಮಾಡಿಕೊಳ್ಳಬೇಕು, ಹೆರಿಗೆಯಾದ ಮೇಲಿನ ವಾರಗಳಲ್ಲೂ ಏದುಸಿರು ಬಂದರೆ ಬಾಣಂತನದ ಸುಸ್ತು ಎಂದು ಬಿಡದೆ ಅದೇ ದಿನ ಕರೆದೊಯ್ಯಬೇಕು.